ಸಂಪಾದನೆ ಎಂಬ ಪದದ ಎರಡು ಅರ್ಥ

ನಿಮ್ಮ ಪತ್ರ ತಲುಪಿದಾಗ ನಾನು ಬಸವನಗುಡಿಯಲ್ಲಿ, ತಾಯಿಯ ಮನೆಯಲ್ಲಿದ್ದೆ. ಜನವರಿ ಕೊನೆಯವರೆಗೂ ಇಲ್ಲೇ ಇರುತ್ತೇನೆ. ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಂಗಸರನ್ನು ಕುರಿತು ನಾಗರಭಾವಿಯಲ್ಲಿ ಪಿಎಚ್‌.ಡಿ. ಮುಗಿಸಿ, ಪತಿಯ ಉದ್ಯೋಗದ ನಿಮಿತ್ತ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಹೊರಟಿರುವ ನೀವು ಕೇಳಿರುವುದು ಇಷ್ಟು: ವಿಶ್ವವಿದ್ಯಾಲಯದ ಹುದ್ದೆಗೆ ಕಾಯುತ್ತ ಕೂರದೆ ಬರವಣಿಗೆ ಮತ್ತು ಸಂಪಾದನೆಯನ್ನೇ ವೃತ್ತಿಯಾಗಿ ಹಿಡಿದರೆ ಅಲ್ಲಿ ಬದುಕು ಸಾಗುತ್ತದೆಯೇ? ಹದಿನಾರು ವರ್ಷಗಳಿಂದ ಅಲ್ಲಿ ಇದನ್ನೇ ಮಾಡಿಕೊಂಡು ಬಂದವನಾಗಿ ಹೇಳುತ್ತೇನೆ: ಸಂಪಾದನೆಯಿಂದ ಸಾಗುತ್ತದೆ, ಬರವಣಿಗೆಯಿಂದ ಸಾಗುವುದಿಲ್ಲ. ತಿದ್ದುವುದಕ್ಕೂ ದುಡಿಯುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಪದವಿರುವುದು ಆಕಸ್ಮಿಕವಿರಬಹುದು, ನನ್ನ ಲೆಕ್ಕದ ಪುಸ್ತಕವಂತೂ ಅದನ್ನು ಒಪ್ಪುತ್ತದೆ.

ವೀಸಾದ ಬಗ್ಗೆ ಚಿಂತೆ ಬೇಡ. ಉದ್ಯೋಗಸ್ಥರ ಸಂಗಾತಿಗೆ ಸಿಗುವ ಡಿಪೆಂಡೆಂಟ್ ವೀಸಾದಲ್ಲಿ ಹೋಗುವವರು ಸ್ವಂತ ವೃತ್ತಿ ನಡೆಸಬಹುದು. ವಿದ್ಯಾರ್ಥಿ ವೀಸಾದವರಿಗೆ ಆ ಅವಕಾಶವಿಲ್ಲ.

ನಿಮ್ಮ ಪದವಿಯನ್ನು ಕಂಡು ಅಲ್ಲಿ ಯಾರೂ ಬೆರಗಾಗುವುದಿಲ್ಲ, ಆದರೆ ಆ ಪದವಿಗಾಗಿ ರೂಢಿಸಿಕೊಂಡ ಅನುಮಾನಬುದ್ಧಿಗೆ ಬೆಲೆಯಿದೆ. ಕೆಲವು ವರ್ಷಗಳ ಹಿಂದೆ ವಲಸೆ ಕುಟುಂಬಗಳ ಕುರಿತ ಹಸ್ತಪ್ರತಿಯೊಂದು ನನ್ನಲ್ಲಿಗೆ ಬಂದಿತ್ತು. ಭಾರತದ ಮತ್ತು ಇಂಗ್ಲೆಂಡಿನ ಜನಗಣತಿಗಳ ಪ್ರಕಾರ ಕುಟುಂಬದ ಸರಾಸರಿ ಗಾತ್ರ ಎಷ್ಟೆಂಬುದನ್ನು ಅದರಲ್ಲಿ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಕೊಟ್ಟಿದ್ದರು. ಭಾಷೆಯಲ್ಲಿ ತಿದ್ದುವುದೇನೂ ಇರಲಿಲ್ಲ. ಆದರೆ ನಮ್ಮ ಜನಗಣತಿಗೆ, ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರೆಲ್ಲ ಒಂದು ಕುಟುಂಬ. ಇಂಗ್ಲೆಂಡಿನ 2011ರ ಜನಗಣತಿಗೋ, ಒಂದೇ ವಿಳಾಸದಲ್ಲಿರುವವರು ಅಡುಗೆಯ ಅನುಕೂಲವನ್ನು ಹಂಚಿಕೊಂಡರೆ ಸಾಲದು, ಕೂರುವ ಕೋಣೆಯನ್ನೋ ಊಟದ ಜಾಗವನ್ನೋ ಕೂಡ ಹಂಚಿಕೊಂಡಿರಬೇಕು. ಒಲೆ ಬೇರೆಯಾಯಿತೆಂದರೆ ಮನೆಯೇ ಬೇರೆಯಾಯಿತು ಎಂಬ ಮಾತು ಕೇಳಿ ಬೆಳೆದವರ ಕಣ್ಣಿಗೆ ಇದು ಬೇಗ ಬೀಳುತ್ತದೆ. ಅಂಚಿನಲ್ಲಿ ನಾನು ಬರೆದ ಷರಾ ಚಿಕ್ಕದು: “ಎರಡೂ ಕಡೆ ಎಣಿಸಿರುವುದು ಒಂದನ್ನೇ ಹೌದೇ ಎಂಬುದನ್ನು ದಯವಿಟ್ಟು ನೋಡುವಿರಾ? ಅಡಿಟಿಪ್ಪಣಿ ಬೇಕಾಗಬಹುದು.” ಲೇಖಕಿ ಕೋಷ್ಟಕವನ್ನು ಬಿಡಿಸಿ ಎರಡು ಮಾಡಿದರು, ಅವರ ಮುಂದಿನ ಎರಡು ಪುಸ್ತಕಗಳೂ ನನಗೇ ಬಂದವು. ನಾನು ‘ತಪ್ಪು’ ಎಂದು ಬರೆಯಲಿಲ್ಲ, ತಿದ್ದಲೂ ಇಲ್ಲ ಎಂಬುದನ್ನು ಗಮನಿಸಿ. ನಮ್ಮ ಮಾರ್ಗದರ್ಶಕರ ಹಾಗೆ ಕೆಂಪು ಶಾಯಿಯಲ್ಲಿ ಗೀಟು ಹಾಕಿದರೆ ಅಲ್ಲಿ ಎರಡನೆಯ ಕೆಲಸ ಸಿಗುವುದಿಲ್ಲ.

ಹಸ್ತಪ್ರತಿಯ ಭಾಷೆಯನ್ನೂ ಹೊಂದಾಣಿಕೆಯನ್ನೂ ಸರಿಪಡಿಸುವ ಕಾಪಿ ಎಡಿಟಿಂಗ್ ಬೇರೆ, ಪುಟ ಜೋಡಿಸಿದ ಮೇಲೆ ಉಳಿದ ತಪ್ಪುಗಳನ್ನು ಹಿಡಿಯುವ ಕರಡು ತಿದ್ದುವಿಕೆ (ಪ್ರೂಫ್‌ರೀಡಿಂಗ್) ಬೇರೆ; ಎರಡಕ್ಕೂ ದರ ಬೇರೆ. 1988ರಲ್ಲಿ ಆರಂಭವಾಗಿ ಈಗ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಎಡಿಟಿಂಗ್ ಅಂಡ್ ಪ್ರೂಫ್‌ರೀಡಿಂಗ್ ಎನಿಸಿಕೊಂಡಿರುವ ವೃತ್ತಿಸಂಘವು ಕನಿಷ್ಠ ದರಗಳ ಸೂಚಿಯನ್ನು ಪ್ರಕಟಿಸುತ್ತದೆ. ಅದನ್ನು ನೋಡದೆ, ಹಸ್ತಪ್ರತಿಯ ಮಧ್ಯದ ಹತ್ತು ಪುಟಗಳನ್ನು ತರಿಸಿಕೊಂಡು ಓದದೆ ಯಾರಿಗೂ ಮೊತ್ತ ಹೇಳಬೇಡಿ. ಮೊದಲ ಅಧ್ಯಾಯವನ್ನು ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ.

ನಾನು ಪೆಟ್ಟು ತಿಂದದ್ದು ತೆರಿಗೆಯಲ್ಲಿ. ಅಲ್ಲಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ಆ ಅವಧಿಯಲ್ಲಿ ಸ್ವಂತ ವೃತ್ತಿಯಿಂದ ಬಂದ ಒಟ್ಟು ಹಣ 1,000 ಪೌಂಡ್ ದಾಟಿದರೆ ಅಕ್ಟೋಬರ್ 5ರೊಳಗೆ ನೋಂದಾಯಿಸಿಕೊಂಡು, ಜನವರಿ 31ರೊಳಗೆ ಲೆಕ್ಕ ಒಪ್ಪಿಸಿ ತೆರಿಗೆ ಕಟ್ಟಬೇಕು. ಕಟ್ಟಬೇಕಾದ ತೆರಿಗೆಯೇ 1,000 ಪೌಂಡ್ ಮೀರಿದರೆ ಅದರ ಅರ್ಧದಷ್ಟನ್ನು ಮುಂದಿನ ವರ್ಷದ ಬಾಬ್ತು ಅದೇ ದಿನ ಮುಂಗಡವಾಗಿ ಕೇಳುತ್ತಾರೆ, ಇನ್ನರ್ಧವನ್ನು ಜುಲೈ 31ಕ್ಕೆ. ಇದನ್ನು ತಿಳಿಯದ ನಾನು ಬೆಂಗಳೂರಿನ ಟಿಕೆಟ್‌ಗೆಂದು ತೆಗೆದಿಟ್ಟಿದ್ದ ಹಣವನ್ನು ತೆರಿಗೆಗೆ ಸುರಿದು, ತಂಗಿಯ ಮಗುವಿನ ನಾಮಕರಣ ತಪ್ಪಿಸಿಕೊಂಡೆ. ಅವಳು ಇಂದಿಗೂ ಅದನ್ನು ಎತ್ತಿ ಆಡುತ್ತಾಳೆ. ಪ್ರತಿ ಸಂಭಾವನೆಯ ಕಾಲು ಭಾಗವನ್ನು ಬಂದ ದಿನವೇ ಬೇರೆ ಖಾತೆಗೆ ಹಾಕಿ. ಬಿಲ್ಲಿನ ಕೆಳಗೆ, ತಡವಾದ ಪಾವತಿಗೆ 1998ರ ಕಾಯಿದೆಯ ಪ್ರಕಾರ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ದರಕ್ಕೆ ಶೇಕಡ 8 ಕೂಡಿಸಿದಷ್ಟು ಬಡ್ಡಿ ಅನ್ವಯಿಸುತ್ತದೆ ಎಂದು ಒಂದು ಸಾಲು ಇರಲಿ. ಐದು ತಿಂಗಳು ಸತಾಯಿಸಿದ ಪ್ರಕಾಶಕರೊಬ್ಬರು ಆ ಸಾಲು ಕಂಡ ವಾರದಲ್ಲೇ ಹಣ ಕಳಿಸಿದ್ದರು.

ಇನ್ನು ಬರವಣಿಗೆ. ಅಲ್ಲಿ ನಿಮ್ಮಿಂದ ಜಾತಿ, ಮದುವೆ, ಮಸಾಲೆಗಳನ್ನು ಕುರಿತ ಲೇಖನ ಕೇಳುವವರು ಸಿಗುತ್ತಾರೆ. ನಾನು ನಾಲ್ಕೈದು ವರ್ಷ ಅದರಲ್ಲೇ ಕಳೆದೆ, ನೀವು ಕಳೆಯಬೇಡಿ. ನೀವು ಹೋಗುತ್ತಿರುವ ಊರು ಒಂದು ಕಾಲದಲ್ಲಿ ಸಿದ್ಧ ಉಡುಪಿನದೇ ಊರು. ಹಡ್ಸನ್ ರೋಡಿನ ಬರ್ಟನ್ ಕಾರ್ಖಾನೆಯೊಂದರಲ್ಲೇ ಅದರ ಉತ್ತುಂಗದಲ್ಲಿ ಸುಮಾರು 10,000 ಮಂದಿ ಸೂಟು ಹೊಲಿಯುತ್ತಿದ್ದರು, ಬಹುಪಾಲು ಹೆಂಗಸರು. 1970ರ ಫೆಬ್ರವರಿಯಲ್ಲಿ ಆ ಊರಿನ ಹೊಲಿಗೆಯ ಹೆಂಗಸರು ಕೂಲಿಗಾಗಿ ಬೀದಿಗಿಳಿದರು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ಹಿಂಪಡೆಯುವ ಹೊಸ ನಿಯಮದ ವಿರುದ್ಧ ನಮ್ಮ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ತಡೆದು ನಿಂತು, ಕೇಂದ್ರ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದರು. ಎರಡೂ ಊರಿನ ಹೆಂಗಸರನ್ನು ಅವರವರ ಮಾತಿನಲ್ಲೇ ಕೇಳಿ ಬರೆಯಬಲ್ಲವರು ಬಹಳ ಮಂದಿ ಇರಲಾರರು. ಅಂಥ ಪುಸ್ತಕಕ್ಕೆ ಐದಾರು ವರ್ಷ ಹಿಡಿದೀತು, ಅಷ್ಟು ವರ್ಷದ ಬಾಡಿಗೆಯನ್ನು ಬೇರೆಯವರ ಪುಸ್ತಕಗಳು ಕಟ್ಟಬೇಕು.

ಹೊರಡುವ ಮೊದಲು ಒಂದು ಸಂಜೆ ಮನೆಗೆ ಬನ್ನಿ. ನಿಮ್ಮ ಪ್ರಬಂಧದಲ್ಲಿ 2016ರ ಭಾಗವಿರುವ ಅಧ್ಯಾಯದ ಎರಡು ಮುದ್ರಿತ ಪ್ರತಿ ತನ್ನಿ. ಒಂದರ ಮೇಲೆ ನೀವೂ ಇನ್ನೊಂದರ ಮೇಲೆ ನಾನೂ ಷರಾ ಬರೆದು, ಆಮೇಲೆ ಬದಲಾಯಿಸಿಕೊಂಡು ಓದೋಣ.