ಮುದ್ದಿಗೆ ನಾಯಿ ಕೊಡುವ ಉತ್ತರ

ಪ್ರಶ್ನೆ: ನಮ್ಮ ನಾಯಿಗೆ ಈಗ ಮೂರು ವರ್ಷ. ಸಂಜೆ ನಾನು ಕುರ್ಚಿಯಲ್ಲಿ ಕುಳಿತರೆ ತಾನಾಗಿಯೇ ಬಂದು ನನ್ನ ಕಾಲಿಗೆ ಒರಗಿ ನಿಲ್ಲುತ್ತದೆ. ಎದೆ ಸವರಿದರೆ ಕಣ್ಣು ಅರೆಮುಚ್ಚುತ್ತದೆ. ಆದರೆ ಏಳು ವರ್ಷದ ನನ್ನ ಮಗಳು ಅದರ ಕೊರಳನ್ನು ತಬ್ಬಿಕೊಂಡಾಗ ಮುಖ ಆಚೆ ತಿರುಗಿಸಿ ಆಕಳಿಸುತ್ತದೆ, ಬಿಟ್ಟ ಕೂಡಲೇ ಮೈ ಕೊಡವಿಕೊಂಡು ಹೊರಟುಬಿಡುತ್ತದೆ. ತನ್ನನ್ನು ಕಂಡರೆ ಅದಕ್ಕೆ ಆಗುವುದಿಲ್ಲವೆಂದು ಮಗಳು ಅಳುತ್ತಾಳೆ. ಮುದ್ದು ಮಾಡಿಸಿಕೊಳ್ಳುವುದು ನಾಯಿಗಳಿಗೆ ನಿಜವಾಗಿ ಇಷ್ಟವೇ?

ಉತ್ತರ: ಮೊದಲು ನಿಮ್ಮ ಮಗಳನ್ನು ಸಮಾಧಾನಪಡಿಸಿ. ನಾಯಿ ಬೇಡವೆನ್ನುತ್ತಿರುವುದು ಆ ಅಪ್ಪುಗೆಯನ್ನೇ ಹೊರತು ಅವಳನ್ನಲ್ಲ. ಅವಳು ಬೇರೆ ರೀತಿಯಲ್ಲಿ ಮುಟ್ಟಿದರೆ ಅದೇ ನಾಯಿ ಅವಳ ಕಾಲಿಗೂ ಒರಗಿ ನಿಲ್ಲುವ ಸಾಧ್ಯತೆ ಬಹಳ ಇದೆ.

ಮುದ್ದು ನಾಯಿಗೆ ಇಷ್ಟವೇ ಎಂಬುದಕ್ಕೆ ಉತ್ತರ ಹೌದು, ಮತ್ತು ಇದು ಸಾಕಿದವರ ಭ್ರಮೆಯಲ್ಲ. ದಕ್ಷಿಣ ಆಫ್ರಿಕಾದ ಓಡೆಂಡಾಲ್ ಮತ್ತು ಮೈಂಟ್ಜೆಸ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಂತವಾಗಿ ಮೈದಡವುವ ಹೊತ್ತಿನಲ್ಲಿ ಮನುಷ್ಯ ಮತ್ತು ನಾಯಿ ಇಬ್ಬರ ರಕ್ತದಲ್ಲಿಯೂ ಬಾಂಧವ್ಯದೊಂದಿಗೆ ನಂಟಿರುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚಿದ್ದು ಕಂಡುಬಂತು. ಎರಿಕಾ ಫ್ಯೂಯರ್‌ಬಾಕರ್ ಮತ್ತು ಕ್ಲೈವ್ ವಿನ್ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೈಸವರುವ ವ್ಯಕ್ತಿ ಮತ್ತು ಬಾಯಿಮಾತಿನಲ್ಲಿ ಹೊಗಳುವ ವ್ಯಕ್ತಿ ಇಬ್ಬರೂ ಎದುರಿಗಿದ್ದಾಗ ನಾಯಿಗಳು ಸವರುವ ಕೈಯ ಬಳಿಯೇ ಹೆಚ್ಚು ಹೊತ್ತು ಉಳಿದವು. ಬರಿಯ ಹೊಗಳಿಕೆಗೆ ಅವು ತೋರಿದ ಆಸಕ್ತಿ, ಏನೂ ಮಾಡದೆ ಸುಮ್ಮನಿದ್ದವರಲ್ಲಿ ತೋರಿದ ಆಸಕ್ತಿಗಿಂತ ಹೆಚ್ಚೇನೂ ಇರಲಿಲ್ಲ. 'ಜಾಣ, ಜಾಣ' ಎಂದು ದಿನವಿಡೀ ಹೊಗಳುವ ನಮಗೆ ಇದು ಸ್ವಲ್ಪ ಬೇಸರ ತರುವ ಫಲಿತಾಂಶವಾದರೂ, ನಮ್ಮ ಕೈಗೆ ಎಷ್ಟು ಬೆಲೆಯಿದೆ ಎಂಬುದನ್ನು ಇದು ಸ್ಪಷ್ಟಪಡಿಸುತ್ತದೆ.

ಹಾಗಾದರೆ ಅಪ್ಪುಗೆ ಏಕೆ ಬೇಡ? ತೋಳು ಬಳಸಿ ಎದೆಗೆ ಒತ್ತಿಕೊಳ್ಳುವುದು ಮನುಷ್ಯರ ಪ್ರೀತಿಯ ರೀತಿ. ನಾಯಿಗಳು ತಮ್ಮ ನಡುವೆ ಹೀಗೆ ಪ್ರೀತಿ ತೋರುವುದಿಲ್ಲ. ಒಂದು ನಾಯಿ ಇನ್ನೊಂದರ ಹೆಗಲಿನ ಮೇಲೆ ಮುಂಗಾಲು ಅಥವಾ ಗದ್ದ ಊರಿದರೆ ಅದು ಆಟವಿರಬಹುದು, ಸವಾಲೂ ಇರಬಹುದು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅಪಾಯ ಎದುರಾದಾಗ ನಾಯಿಗೆ ಇರುವ ಮೊದಲ ದಾರಿ ಓಡುವುದು, ಕೊರಳನ್ನು ಬಿಗಿಯಾಗಿ ತಬ್ಬಿಕೊಂಡಾಗ ಆ ದಾರಿಯೇ ಮುಚ್ಚಿಹೋಗುತ್ತದೆ. ಅಪ್ಪಿಕೊಂಡವರ ಮನಸ್ಸಿನಲ್ಲಿ ಎಷ್ಟೇ ಮಮತೆಯಿರಲಿ, ಸಿಕ್ಕಿಬಿದ್ದೆನೆಂಬ ಭಾವನೆ ನಾಯಿಗೆ ಬಂದುಬಿಡುತ್ತದೆ. ತನ್ನವರ ಅಪ್ಪುಗೆಯನ್ನು ಅಭ್ಯಾಸದಿಂದ ಒಪ್ಪಿಕೊಂಡ, ಕೆಲವೊಮ್ಮೆ ತಾನೇ ಬಂದು ಕೇಳಿಕೊಳ್ಳುವ ನಾಯಿಗಳೂ ಇವೆ. ಆದರೆ ನಿಮ್ಮದು ಅಂಥದ್ದಲ್ಲ ಎಂಬುದನ್ನು ಅದೇ ತಿಳಿಸಿದೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಆ ಆಕಳಿಕೆ. ಅದು ನಿದ್ದೆಯ ಆಕಳಿಕೆಯಲ್ಲ. ಮುಖ ತಿರುಗಿಸುವುದು, ಆಹಾರ ಎದುರಿಗಿಲ್ಲದಿದ್ದರೂ ನಾಲಿಗೆಯಿಂದ ಮೂಗು ಸವರಿಕೊಳ್ಳುವುದು, ಕಿವಿಗಳನ್ನು ತಲೆಗೆ ಒತ್ತಿ ಹಿಡಿಯುವುದು, ಕಣ್ಣಿನ ಅಂಚಿನಲ್ಲಿ ಬಿಳಿ ಭಾಗ ಅರ್ಧಚಂದ್ರದಂತೆ ಕಾಣುವುದು, ಒಂದು ಕ್ಷಣ ಮೈಯೆಲ್ಲ ಸೆಟೆದು ನಿಲ್ಲುವುದು, ಇವೆಲ್ಲವೂ ನಾಯಿಯ ಇರುಸುಮುರುಸಿನ ಗುರುತುಗಳು. ಬಿಟ್ಟ ನಂತರ ಮೈ ಒದ್ದೆಯಿಲ್ಲದಿದ್ದರೂ ಕೊಡವಿಕೊಳ್ಳುವುದು ಆ ಬಿಗಿತ ಇಳಿದುದರ ಸೂಚನೆ. ಬಾಲ ಆಡುತ್ತಿದೆಯಲ್ಲ ಎಂದು ಮಾತ್ರ ನಂಬಿಕೊಳ್ಳಬೇಡಿ. ಇಡೀ ಮೈ ಬಳುಕುವಂತೆ ಸಡಿಲವಾಗಿ ಆಡುವ ಬಾಲ ಬೇರೆ, ಮೈ ಸೆಟೆದಿರುವಾಗ ಬಿರುಸಾಗಿ ಅಲುಗುವ ಬಾಲ ಬೇರೆ. ಈ ಗುರುತುಗಳನ್ನು ಮನೆಯವರು ಸತತವಾಗಿ ಕಡೆಗಣಿಸಿದಾಗ ನಾಯಿ ಗುರುಗುಟ್ಟುತ್ತದೆ. ಅದಕ್ಕೂ ಗದರಿಸಿ ಬಾಯಿ ಮುಚ್ಚಿಸಿದರೆ ಮುಂದಿನ ಬಾರಿ ಎಚ್ಚರಿಕೆಯನ್ನೇ ಕೊಡದೆ ಕಚ್ಚಬಹುದು. ಚಿಕ್ಕ ಮಕ್ಕಳಿಗೆ ಆಗುವ ಕಡಿತಗಳಲ್ಲಿ ಬಹಳಷ್ಟು ಮುಖ ಮತ್ತು ತಲೆಯ ಭಾಗದಲ್ಲೇ ಆಗುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಮಗುವಿಗೆ ಪರಿಚಯವಿರುವ ನಾಯಿಯಿಂದಲೇ ಆಗುತ್ತವೆ. ಮಗುವಿನ ಮುಖ ನಾಯಿಯ ಮುಖಕ್ಕೆ ತಾಗುವಂತೆ ತಬ್ಬುವುದನ್ನು ಇಂದೇ ನಿಲ್ಲಿಸಬೇಕೆಂದು ನಾನು ಕಟ್ಟುನಿಟ್ಟಾಗಿ ಹೇಳುವುದು ಈ ಕಾರಣಕ್ಕೆ.

ಅದರ ಬದಲಿಗೆ ಮಗಳಿಗೆ ಹೀಗೆ ಕಲಿಸಿ. ನಾಯಿ ಮಲಗಿರುವಾಗ ಅಥವಾ ತಿನ್ನುತ್ತಿರುವಾಗ ತಾನಾಗಿ ಅದರ ಬಳಿಗೆ ಹೋಗದೆ, ಒಂದು ಕಡೆ ಕುಳಿತು ಅದನ್ನು ಕರೆಯಲಿ. ಬಂದರೆ ನೆತ್ತಿಯ ಮೇಲೆ ತಟ್ಟದೆ, ಎದೆ, ಕೊರಳಿನ ಪಕ್ಕ ಅಥವಾ ಹೆಗಲನ್ನು ಕೂದಲು ಇಳಿದಿರುವ ದಿಕ್ಕಿನಲ್ಲೇ ನಿಧಾನವಾಗಿ ನೇವರಿಸಲಿ. ಮೇಲಿನಿಂದ ತಲೆಯತ್ತ ಇಳಿದು ಬರುವ ಕೈ ಎಷ್ಟೋ ನಾಯಿಗಳನ್ನು ಕುಗ್ಗಿಸುತ್ತದೆ. ಪಾದಗಳನ್ನು ಹಿಡಿಯುವುದು, ಬಾಲವನ್ನು ಮುಟ್ಟುವುದು ಕೂಡ ಬಹುತೇಕ ನಾಯಿಗಳಿಗೆ ಹಿಡಿಸುವುದಿಲ್ಲ. ನಾಲ್ಕೈದು ಸೆಕೆಂಡು ಸವರಿದ ಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ಕಾಯಬೇಕು. ನಾಯಿ ಮೂತಿಯಿಂದ ಕೈಯನ್ನು ತಳ್ಳಿದರೆ, ಇನ್ನಷ್ಟು ಹತ್ತಿರಕ್ಕೆ ಒತ್ತಿಕೊಂಡರೆ, ಮುಂಗಾಲನ್ನು ಮೊಣಕಾಲಿನ ಮೇಲಿಟ್ಟರೆ ಮುಂದುವರಿಸಬಹುದು. ಅತ್ತ ನೋಡಿದರೆ, ಎದ್ದು ಹೋದರೆ, ಅಥವಾ ಇದ್ದಲ್ಲೇ ಕಲ್ಲಿನಂತೆ ನಿಂತುಬಿಟ್ಟರೆ ಅಷ್ಟಕ್ಕೇ ಬಿಡಬೇಕು. ಈ ವಿರಾಮವೇ ಮುದ್ದಿನ ಜೀವಾಳವೆಂದು ನಾನು ನಂಬಿದ್ದೇನೆ, ಏಕೆಂದರೆ ಕೈ ಆಡುತ್ತಲೇ ಇದ್ದರೆ ನಾಯಿ ಒಪ್ಪಿಕೊಂಡಿದೆಯೋ ಸಹಿಸಿಕೊಂಡಿದೆಯೋ ತಿಳಿಯುವುದೇ ಇಲ್ಲ. ಏಳು ವರ್ಷದ ಮಗು ಇದನ್ನು ಆಟದಂತೆ ಬೇಗ ಕಲಿಯುತ್ತದೆ. ಆದರೂ ಅವರಿಬ್ಬರ ಜೊತೆ ದೊಡ್ಡವರೊಬ್ಬರು ಇರಲೇಬೇಕು.

ಇನ್ನೊಂದು ಸಂಗತಿ ಅವಳಿಗೆ ಸಂತೋಷ ಕೊಡಬಹುದು. ಪ್ರೀತಿ ಸ್ಪರ್ಶದಿಂದಲೇ ಹರಿಯಬೇಕೆಂದಿಲ್ಲ. ಜಪಾನಿನ ಮಿಹೊ ನಾಗಸಾವಾ ಮತ್ತು ಸಂಗಡಿಗರು 2015ರಲ್ಲಿ ತೋರಿಸಿಕೊಟ್ಟಂತೆ, ಸಾಕಿದವರ ಮುಖವನ್ನು ಹೆಚ್ಚು ಹೊತ್ತು ನೋಡುವ ನಾಯಿಗಳಲ್ಲಿ ಮತ್ತು ಆ ನಾಯಿಗಳ ಒಡೆಯರಲ್ಲಿ ಆಕ್ಸಿಟೋಸಿನ್ ಏರುತ್ತದೆ. ಮನುಷ್ಯರೇ ಬೆಳೆಸಿದ ತೋಳಗಳಲ್ಲಿ ಇದು ಕಂಡುಬರಲಿಲ್ಲ. ನಿಮ್ಮ ನಾಯಿ ತಾನಾಗಿ ಮಗಳ ಮುಖವನ್ನು ಮೃದುವಾಗಿ ನೋಡಿದಾಗ ಅವಳೂ ಹಾಗೆಯೇ ನೋಡಿ ನಗಲಿ. ದಿಟ್ಟಿಸಿ ನೋಡುವುದು ಮಾತ್ರ ಬೇಡ, ಅದನ್ನು ನಾಯಿಗಳು ಬೆದರಿಕೆಯೆಂದು ತಿಳಿಯುತ್ತವೆ.

ಪ್ರಶ್ನೆ: ಹೊಟ್ಟೆಯ ಪಕ್ಕ ಕೆರೆದರೆ ನಮ್ಮ ನಾಯಿ ಹಿಂಗಾಲನ್ನು ಗಾಳಿಯಲ್ಲಿ ಪಟಪಟನೆ ಆಡಿಸುತ್ತದೆ. ಇದು ಖುಷಿಯೇ?

ಉತ್ತರ: ಕಾಲಿನ ಆ ಚಲನೆಯಿಂದ ಖುಷಿಯನ್ನು ಅಳೆಯಲಾಗುವುದಿಲ್ಲ. ಚರ್ಮದ ಮೇಲೆ ಕೀಟ ಹರಿದಾಗ ಅದನ್ನು ಕೆರೆದು ತೆಗೆಯಲೆಂದು ಇರುವ ಅನೈಚ್ಛಿಕ ಕ್ರಿಯೆ ಅದು. ಮಿದುಳಿನ ಅಪ್ಪಣೆಯಿಲ್ಲದೆ ಬೆನ್ನುಹುರಿಯ ಮಟ್ಟದಲ್ಲೇ ನಡೆಯುತ್ತದೆ. ಬ್ರಿಟನ್ನಿನ ಶರೀರಕ್ರಿಯಾಶಾಸ್ತ್ರಜ್ಞ ಚಾರ್ಲ್ಸ್ ಶೆರಿಂಗ್ಟನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇದನ್ನು ವಿವರವಾಗಿ ಅಭ್ಯಸಿಸಿದ್ದರು. ಆದ್ದರಿಂದ ಕಾಲನ್ನು ಬಿಟ್ಟು ಮುಖವನ್ನು ನೋಡಿ. ಬಾಯಿ ಸಡಿಲವಾಗಿ ತೆರೆದು, ಮೈಯೆಲ್ಲ ಮೆತ್ತಗಾಗಿ ಅದು ಅಂಗಾತ ಹೊರಳಿದ್ದರೆ ನಿಮ್ಮ ಕೈ ಅದಕ್ಕೆ ಹಿತವಾಗಿದೆ. ತುಟಿ ಬಿಗಿದು, ಬಾಲವನ್ನು ಕಾಲುಗಳ ನಡುವೆ ಸೇರಿಸಿಕೊಂಡು ಹೊಟ್ಟೆ ತೋರಿಸಿದ್ದರೆ ಅದು 'ನನ್ನನ್ನು ಬಿಟ್ಟುಬಿಡಿ' ಎಂಬ ಬೇಡಿಕೆ, ಕೆರೆಯಲು ಕೊಟ್ಟ ಆಹ್ವಾನವಲ್ಲ.

ಪ್ರಶ್ನೆ: ನಮ್ಮ ಹನ್ನೊಂದು ವರ್ಷದ ನಾಯಿ ಬೆನ್ನು ಸವರಿಸಿಕೊಳ್ಳಲು ಸದಾ ಹಾತೊರೆಯುತ್ತಿತ್ತು. ಎರಡು ತಿಂಗಳಿನಿಂದ ಸೊಂಟದ ಹತ್ತಿರ ಕೈ ಹೋದರೆ ಗುರುಗುಟ್ಟುತ್ತದೆ. ವಯಸ್ಸಾದಂತೆ ಸಿಡುಕಾಗಿದೆಯೇ?

ಉತ್ತರ: ಸಿಡುಕು ಎನ್ನುವ ಮೊದಲು ನೋವಿದೆಯೇ ಎಂದು ತಿಳಿಯಬೇಕು. ಇಷ್ಟಪಡುತ್ತಿದ್ದ ಸ್ಪರ್ಶವನ್ನು ನಾಯಿ ಇದ್ದಕ್ಕಿದ್ದಂತೆ ನಿರಾಕರಿಸಿದರೆ, ಅದೂ ಮೈಯ ಒಂದೇ ಭಾಗದಲ್ಲಿ, ಆ ಭಾಗದಲ್ಲಿ ನೋವಿದೆಯೆಂದೇ ಭಾವಿಸಿ ಮುಂದುವರಿಯುವುದು ಕ್ಷೇಮ. ಈ ವಯಸ್ಸಿನಲ್ಲಿ ಸೊಂಟದ ಮತ್ತು ಹಿಂಗಾಲಿನ ಕೀಲುಗಳ ಸವೆತ ಸಾಮಾನ್ಯ. ಬೆನ್ನುಮೂಳೆಯ ತೊಂದರೆ, ಚರ್ಮದ ಉರಿಯೂತವೂ ಇರಬಹುದು. ಮೆಟ್ಟಿಲು ಹತ್ತಲು ಹಿಂಜರಿಯುವುದು, ಮಲಗಿ ಏಳುವಾಗ ತಡವರಿಸುವುದು, ಒಂದೇ ಜಾಗವನ್ನು ನೆಕ್ಕುತ್ತಿರುವುದು ಕಂಡರೆ ಬರೆದಿಟ್ಟುಕೊಂಡು, ಸಾಧ್ಯವಾದರೆ ಅದರ ನಡಿಗೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಪಶುವೈದ್ಯರಲ್ಲಿಗೆ ಈ ವಾರವೇ ಕರೆದೊಯ್ಯಿರಿ. ಮನುಷ್ಯರ ನೋವಿನ ಮಾತ್ರೆಗಳನ್ನು ಯಾವ ಕಾರಣಕ್ಕೂ ಕೊಡಬೇಡಿ. ಐಬುಪ್ರೊಫೆನ್, ಪ್ಯಾರಾಸಿಟಮಾಲ್‌ನಂತಹವು ನಾಯಿಗಳಿಗೆ ವಿಷವಾಗಬಲ್ಲವು. ಗುರುಗುಟ್ಟಿದ್ದಕ್ಕೆ ಗದರಿಸುವುದೂ ಬೇಡ. ವೈದ್ಯರು ನೋಡುವವರೆಗೆ ಸೊಂಟವನ್ನು ಮುಟ್ಟದೆ, ಅದು ತಾನಾಗಿ ಹತ್ತಿರ ಬಂದಾಗ ಎದೆ ಮತ್ತು ಗದ್ದದ ಕೆಳಗೆ ಮಾತ್ರ ಸವರಿ. ಹನ್ನೊಂದು ವರ್ಷ ನಿಮ್ಮ ಕೈಯನ್ನು ಕೇಳಿಕೊಂಡು ಬಂದ ಜೀವಕ್ಕೆ ಆ ಕೈ ಈಗಲೂ ಬೇಕಾಗಿರುತ್ತದೆ, ನೋಯದ ಜಾಗದಲ್ಲಿ.