ರಾತ್ರಿ ಮನೆಯಲ್ಲಿ ಸಣ್ಣ ಸೌಂಡಿಗೆ ಒಳ್ಳೆ ಗಿಟಾರ್ ಟೋನ್: ಹೊಸ ಆಂಪ್ ಕೊಳ್ಳುವ ಮುಂಚೆ

ನಮಸ್ಕಾರ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಬಾಡಿಗೆ ಮನೆ, 15 ವ್ಯಾಟಿನ ಟ್ಯೂಬ್ ಆಂಪ್ (ಗಾಜಿನ ವಾಲ್ವುಗಳಿಂದ ಸದ್ದು ದೊಡ್ಡದು ಮಾಡುವಂಥದ್ದು), ಮಗು ಮಲಗಿದ ಮೇಲೆ ಸಿಗುವ ಒಂದು ಗಂಟೆ, ವಾಲ್ಯೂಮ್ ಒಂದರಿಂದ ಮೇಲೆ ಹೋಗುವ ಹಾಗಿಲ್ಲ, ಆ ಒಂದರಲ್ಲಿ ಬರುವ ಸೌಂಡು ಡಬ್ಬಿಯೊಳಗೆ ಸಿಕ್ಕಿಕೊಂಡ ದುಂಬಿಯ ಹಾಗಿದೆ, ಅದಕ್ಕೆ 1 ವ್ಯಾಟಿನ ಆಂಪ್ ತಗೊಳ್ಳಲಾ ಅಥವಾ ಅಟೆನ್ಯುಯೇಟರ್ (ಆಂಪಿಗೂ ಸ್ಪೀಕರಿಗೂ ನಡುವೆ ಕೂತು ಪವರ್ ಇಳಿಸುವ ಡಬ್ಬ) ಹಾಕಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಒಂದು ವಾರ ಈಗ ಇರುವುದರಲ್ಲೇ ಕೂತು ನೋಡಿ. ಯಾಕೆ ಅಂತ ಹೇಳುತ್ತೇನೆ.

ವ್ಯಾಟ್ ಇಳಿಸಿದಷ್ಟು ಸದ್ದು ಇಳಿಯುವುದಿಲ್ಲ. ವ್ಯಾಟ್ ಹತ್ತನೇ ಒಂದು ಪಾಲಿಗೆ ಬಂದರೆ ನಮ್ಮ ಕಿವಿಗೆ ಸದ್ದು ಸುಮಾರು ಅರ್ಧ ಆದ ಹಾಗೆ ಕೇಳಿಸುತ್ತದೆ, ಅಷ್ಟೇ. ಗಿಟಾರ್ ಸ್ಪೀಕರುಗಳು ಬರೀ 1 ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬಲ್ ಕೊಡುತ್ತವೆ. ಮಿಕ್ಸಿಯಲ್ಲಿ ಚಟ್ನಿ ರುಬ್ಬುವ ಸದ್ದಿಗಿಂತ ಜಾಸ್ತಿ ಅದು! ಮಗು ಮಲಗಿರುವ ಮನೆಯಲ್ಲಿ ನಡೆಯುವುದು 65, 70 ಡೆಸಿಬಲ್. ಅಂದರೆ ನಿಮ್ಮ ಸ್ಪೀಕರಿಗೆ ಹೋಗುತ್ತಿರುವುದು ವ್ಯಾಟಿನ ಸಾವಿರದ ಒಂದು ಪಾಲು. 1 ವ್ಯಾಟಿನ ಆಂಪ್ ತಂದರೂ ಅದನ್ನೂ ಒಂದರಲ್ಲೇ ಇಡಬೇಕಾಗುತ್ತದೆ, ದುಂಬಿ ಅಲ್ಲೂ ಇರುತ್ತದೆ. ಅಟೆನ್ಯುಯೇಟರ್ ಸ್ವಲ್ಪ ಇಳಿಸುವುದಕ್ಕೆ ತುಂಬಾ ಒಳ್ಳೆಯದು, ಆದರೆ ಅಷ್ಟು ಆಳಕ್ಕೆ ಇಳಿಸಿದರೆ ಕಡಿಮೆ ಬೆಲೆಯವುಗಳಲ್ಲಿ ಟೋನ್ ಮಂಕಾಗುತ್ತದೆ.

ಇನ್ನೊಂದು, ಇದರಲ್ಲಿ ಅರ್ಧ ತೊಂದರೆ ಆಂಪಿನದ್ದಲ್ಲ, ಕಿವಿಯದ್ದು. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಅಳೆದು ತೋರಿಸಿದ್ದಾರೆ: ಸದ್ದು ಕಡಿಮೆ ಆದಾಗ ಕಿವಿಗೆ ಬಾಸ್ ಎಲ್ಲಕ್ಕಿಂತ ಮೊದಲು ಕಾಣೆಯಾಗುತ್ತದೆ, ತುದಿಯ ಟ್ರೆಬಲ್ಲೂ ಸ್ವಲ್ಪ ಹೋಗುತ್ತದೆ, ನಡುವಿನದು ಉಳಿಯುತ್ತದೆ. ಅದಕ್ಕೇ ಪ್ರಾಕ್ಟೀಸ್ ರೂಮಿನಲ್ಲಿ ದಪ್ಪಗೆ ಕೇಳಿದ ಅದೇ ಸೆಟ್ಟಿಂಗು ಮನೆಯಲ್ಲಿ ಬಡಕಲು. ಹಾಗಾಗಿ ಮನೆಗೇ ಬೇರೆ ಸೆಟ್ಟಿಂಗು ಬೇಕು. ನುಡಿಸುವ ವಾಲ್ಯೂಮಿನಲ್ಲೇ ಕೂತು, ಬಾಸ್ ಸ್ವಲ್ಪ ಏರಿಸಿ, ಟ್ರೆಬಲ್ ಒಂದು ಚೂರು ಏರಿಸಿ. ಯೂಟ್ಯೂಬಿನಲ್ಲಿ ಯಾರೋ ತೋರಿಸಿದ ನಂಬರ್ ಇಡಬೇಡಿ, ಅವರು ಎಷ್ಟು ಜೋರಾಗಿ ನುಡಿಸುತ್ತಿದ್ದರು ಅಂತ ನಿಮಗೆ ಗೊತ್ತಿಲ್ಲ ಅಲ್ವಾ.

ಈಗ ನಿಮ್ಮ ದುಂಬಿಯ ವಿಷಯ. ಇದನ್ನು ಕಂಡುಕೊಳ್ಳುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ರಾತ್ರಿ ಮನೆ ನಿಶ್ಶಬ್ದ ಇರುವಾಗ ಫ್ಯಾನ್ ಆರಿಸಿ, ಆಂಪ್ ಆಫ್ ಮಾಡಿ, ಸುಮ್ನೆ ಗಿಟಾರ್ ನುಡಿಸಿ. ತಂತಿಯ ಸ್ವಂತ ಸದ್ದು ಕೇಳುತ್ತದಲ್ಲ, ಪಿಕ್ ತಗಲಿದಾಗಿನ ಟಿಕ್ ಟಿಕ್, ಆ ತೆಳು ಜಿಂಯ್, ಅದು ಆಂಪ್ ಹಾಕಿದ ಮೇಲೂ ನಿಲ್ಲುವುದಿಲ್ಲ. ಜೋರಾಗಿ ನುಡಿಸಿದಾಗ ಆಂಪಿನ ಸದ್ದು ಅದನ್ನು ಮುಳುಗಿಸುತ್ತದೆ. ಸಣ್ಣ ಸೌಂಡಿನಲ್ಲಿ ಎರಡೂ ಸಮ ಸಮ ಬಂದು ಕಿವಿಗೆ ಬೀಳುತ್ತವೆ, ನೀವು ಆಂಪ್ ಕೆಟ್ಟದಾಗಿದೆ ಅಂದುಕೊಳ್ಳುತ್ತೀರಿ. ನಾನು ಫೋನನ್ನು ಸ್ಪೀಕರಿನ ಎದುರು ಒಂದು ಗೇಣು ದೂರದಲ್ಲಿಟ್ಟು ರೆಕಾರ್ಡ್ ಮಾಡಿದೆ, ಆಮೇಲೆ ನನ್ನ ಕಿವಿಯ ಪಕ್ಕದಲ್ಲಿ ಹಿಡಿದು ಅದನ್ನೇ ಮತ್ತೆ ನುಡಿಸಿದೆ. ಮೊದಲನೆಯದರಲ್ಲಿ ಟೋನ್ ಚೆನ್ನಾಗಿಯೇ ಇತ್ತು. ಎರಡನೆಯದರಲ್ಲಿ ಬರೀ ಟಿಕ್ ಟಿಕ್. ಅವತ್ತಿನಿಂದ ತೆಳ್ಳನೆ ಪಿಕ್ ಬಿಟ್ಟು ದಪ್ಪದ್ದು ಹಿಡಿದೆ, ಅದರ ಚೂಪು ತುದಿಯಲ್ಲಿ ಅಲ್ಲ, ದುಂಡಗಿನ ಹೆಗಲಿನಲ್ಲಿ ನುಡಿಸುತ್ತೇನೆ. ಇವತ್ತೇ ಮಾಡಿ ನೋಡಿ, ಖರ್ಚಿಲ್ಲ.

ಇದರ ಜೊತೆಗೇ ಆಂಪ್ ಎಲ್ಲಿ ಇಟ್ಟಿದ್ದೀರಿ ನೋಡಿ. ನೆಲದ ಮೇಲೆ ಇದ್ದರೆ ಅದು ನಿಮ್ಮ ಮೊಣಕಾಲಿಗೆ ನುಡಿಸುತ್ತಿದೆ. ಗಿಟಾರ್ ಸ್ಪೀಕರಿನ ಟ್ರೆಬಲ್ ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತದೆ, ಪಕ್ಕದಲ್ಲಿ ಕೂತವರಿಗೆ ಮಂಕಾಗಿ ಕೇಳುತ್ತದೆ. ಒಂದು ಸ್ಟೂಲಿನ ಮೇಲೆ ಇಡಿ, ಕಿವಿಯ ಎತ್ತರಕ್ಕೆ ಬರುವ ಹಾಗೆ ಓರೆ ಮಾಡಿ, ಒಂದು ಮಾರು ದೂರದಲ್ಲಿ ಕೂತುಕೊಳ್ಳಿ. ಹತ್ತಿರ ಕೂತಷ್ಟೂ ನಿಮಗೆ ಜೋರು, ಪಕ್ಕದ ಮನೆಗೆ ಅಷ್ಟೇ. ಸ್ಟೂಲಿನ ಕೆಳಗೆ ಹಳೇ ಯೋಗ ಮ್ಯಾಟನ್ನು ನಾಲ್ಕು ಮಡಿಕೆ ಮಾಡಿ ಹಾಕಿ. ನಾನಿದ್ದ ಮನೆಯ ಕೆಳಗಡೆ ಒಬ್ಬರು ಅಜ್ಜಿ ಇದ್ದರು, ಒಂದು ಸಂಜೆ ಮೆಟ್ಟಿಲು ಹತ್ತಿ ಬಂದು, "ಹಾಡೇನೂ ಕೇಳ್ಸಲ್ಲ ಮಗಾ, ಬರೀ ದುಬ್ ದುಬ್ ಅನ್ನುತ್ತೆ, ಎದೆ ಹೊಡ್ಕೊಂಡ ಹಾಗೆ" ಅಂದರು. ಬಾಸ್ ನೆಲದ ಮೂಲಕ ಇಳಿದು ಹೋಗುತ್ತಿತ್ತು. ಸ್ಟೂಲು, ಮ್ಯಾಟು ಹಾಕಿದ ಮೇಲೆ ನಾನೇ ಕೆಳಗೆ ಹೋಗಿ ಕೇಳಿದೆ, ಈಗ ಪರವಾಗಿಲ್ಲ ಅಂದರು. ಬಾಸ್ ಏರಿಸುವ ಮುಂಚೆ ಇದನ್ನು ಮಾಡಿ.

ಇನ್ನು ಗೇನ್, ಅಂದರೆ ಸೌಂಡಿಗೆ ಒರಟುತನ ಕೊಡುವ ನಾಬ್. ಇಷ್ಟು ಸಣ್ಣ ವಾಲ್ಯೂಮಿನಲ್ಲಿ ಪವರ್ ಟ್ಯೂಬುಗಳು ಎಚ್ಚರವೇ ಆಗುವುದಿಲ್ಲ, ಸ್ಪೀಕರ್ ಕೋನು ಅಲ್ಲಾಡುವುದೂ ಅಷ್ಟಕ್ಕಷ್ಟೇ. ಆ ಕೊರತೆ ತುಂಬುವುದಕ್ಕೆ ಎಲ್ಲರೂ ಗೇನ್ ಏರಿಸುತ್ತಾರೆ, ಆಗ ಸೌಂಡು ಇನ್ನೂ ಚಪ್ಪಟೆ ಆಗುತ್ತದೆ. ಆಂಪನ್ನು ಕ್ಲೀನ್ ಇಡಿ, ಮುಂದೆ ಒಂದು ಓವರ್‌ಡ್ರೈವ್ ಪೆಡಲ್ ಹಾಕಿ. ಟ್ಯೂಬ್ ಸ್ಕ್ರೀಮರ್ ಥರದ್ದು ಯಾವುದಾದರೂ ಸಾಕು, ಅದು 720 ಹರ್ಟ್ಸ್ ಸುತ್ತಮುತ್ತ ಮಿಡ್, ಅಂದರೆ ಬಾಸಿಗೂ ಟ್ರೆಬಲ್ಲಿಗೂ ನಡುವಿನದನ್ನು, ಎತ್ತಿ ಕೊಡುತ್ತದೆ, ನೋಟಿಗೆ ಮೈ ಬರುತ್ತದೆ. ಡ್ರೈವ್ ಕಡಿಮೆ ಇಡಿ. ಗಿಟಾರಿನ ವಾಲ್ಯೂಮ್ ನಾಬನ್ನು ಏಳಕ್ಕೆ ಇಳಿಸಿ ನುಡಿಸುತ್ತಾ ಬೇಕಾದಾಗ ಮಾತ್ರ ಹತ್ತಕ್ಕೆ ಹೋಗಿ.

ಆಮೇಲೆ ಸ್ವಲ್ಪ ರಿವರ್ಬ್, ಅಥವಾ 100 ಮಿಲಿಸೆಕೆಂಡ್ ಆಸುಪಾಸಿನ ಒಂದೇ ಒಂದು ಡಿಲೇ (ಪ್ರತಿಧ್ವನಿ), ಕೇಳಿಯೂ ಕೇಳದ ಹಾಗೆ. ನನ್ನ ಮಟ್ಟಿಗೆ ಅತಿ ಹೆಚ್ಚು ವ್ಯತ್ಯಾಸ ಮಾಡಿದ್ದು ಇದೇ. ಜೋರಾಗಿ ನುಡಿಸಿದಾಗ ಕೋಣೆಯೇ ಮಾರ್ದನಿ ಕೊಡುತ್ತದೆ, ಹಾಸಿಗೆ, ಪರದೆ, ಬಟ್ಟೆ ತುಂಬಿದ ಬೆಡ್‌ರೂಮಿನಲ್ಲಿ ಸಣ್ಣ ಸೌಂಡಿಗೆ ಅದು ಸಿಗುವುದಿಲ್ಲ. ಅದನ್ನು ನಾವೇ ಹಾಕಿಕೊಡಬೇಕು.

ಮಾಸ್ಟರ್ ನಾಬ್ ಒಂದರ ಹತ್ತಿರ ಕೂದಲೆಳೆ ತಿರುಗಿಸಿದರೂ ಸೌಂಡ್ ಧಡ್ ಅಂತ ಏರುತ್ತದೆ ಅಂದಿದ್ದೀರಿ. ನಿಮ್ಮ ಆಂಪಿನ ಹಿಂದೆ ಎಫೆಕ್ಟ್ಸ್ ಲೂಪ್ (ಸೆಂಡ್, ರಿಟರ್ನ್ ಅನ್ನುವ ಎರಡು ಜ್ಯಾಕ್, ನಡುವೆ ಪೆಡಲ್ ಸೇರಿಸುವುದಕ್ಕೆ) ಇದ್ದರೆ ಅಲ್ಲಿ ಒಂದು ವಾಲ್ಯೂಮ್ ಪೆಡಲ್ಲೋ ಇಕ್ಯೂ ಪೆಡಲ್ಲೋ (ಬಾಸ್, ಮಿಡ್, ಟ್ರೆಬಲ್ ಬೇರೆ ಬೇರೆಯಾಗಿ ತಿದ್ದುವಂಥದ್ದು) ಹಾಕಿ ಅದರ ಲೆವೆಲ್ ಇಳಿಸಿ. ಬಾಸ್ (Boss) ಕಂಪನಿಯ ಜಿಇ-7 ಇಕ್ಯೂ ಪೆಡಲಿನಲ್ಲಿ 15 ಡೆಸಿಬಲ್ ಇಳಿಸಬಹುದು. ಆಗ ಮಾಸ್ಟರನ್ನು ಎರಡೂವರೆ, ಮೂರಕ್ಕೆ ಇಟ್ಟು ಆರಾಮಾಗಿ ಹೊಂದಿಸಬಹುದು, ಬಾಸ್ ಟ್ರೆಬಲ್ ತಿದ್ದುವುದಕ್ಕೂ ಅದೇ ಪೆಡಲ್ ಆಯಿತು.

ಒಂದು ವಿಷಯ ದಯವಿಟ್ಟು ಹಗುರವಾಗಿ ತಗೋಬೇಡಿ. ಟ್ಯೂಬ್ ಆಂಪನ್ನು ಸ್ಪೀಕರ್ ಇಲ್ಲದೆ ಯಾವತ್ತೂ ನುಡಿಸಬೇಡಿ. ಒಂದು ರಾತ್ರಿ ನಾನು ಸ್ಪೀಕರ್ ಜ್ಯಾಕ್ ಸಡಿಲ ಇದ್ದದ್ದು ನೋಡದೆ, ಸೌಂಡ್ ಬರುತ್ತಿಲ್ಲ ಅಂತ ವಾಲ್ಯೂಮ್ ಏರಿಸಿ ಏರಿಸಿ ಹೊಡೆದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬಂದ ಮೇಲೆ ಗೊತ್ತಾಯಿತು. ಮುಂದೆ ಅಟೆನ್ಯುಯೇಟರ್ ತಗೊಂಡರೂ ಅದರ ಓಮ್ಸ್ (ವಿದ್ಯುತ್ ತಡೆಯ ಅಳತೆ) ಆಂಪಿಗೆ ಸರಿ ಹೊಂದಬೇಕು, ಗಿಟಾರ್ ಕೇಬಲ್ ಅಲ್ಲ, ಸ್ಪೀಕರ್ ಕೇಬಲ್ಲೇ ಹಾಕಬೇಕು. ಆಂಪ್ ಬಿಚ್ಚುವುದಕ್ಕೆ ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ನೂರಾರು ವೋಲ್ಟ್ ಕೂತಿರುತ್ತದೆ.

ಹಮ್, ಅಂದರೆ ನುಡಿಸದಿದ್ದಾಗಲೂ ಬರುವ ಗುಂಯ್ ಸದ್ದಿನ ಬಗ್ಗೆಯೂ ಕೇಳಿದ್ದೀರಿ. ನಿಮ್ಮ ಗಿಟಾರಿನದು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅಲುಗಾಟ ಹಿಡಿಯುವ ಒಂಟಿ ಸುರುಳಿ) ಆದ್ದರಿಂದ ಸ್ವಲ್ಪ ಇದ್ದೇ ಇರುತ್ತದೆ, ಸಣ್ಣ ಸೌಂಡಿನಲ್ಲಿ ಎದ್ದು ಕೇಳುತ್ತದೆ. ಕೂತಲ್ಲೇ ಗಿಟಾರನ್ನು ಆ ಕಡೆ ಈ ಕಡೆ ತಿರುಗಿಸಿ, ಒಂದು ದಿಕ್ಕಿನಲ್ಲಿ ಕಡಿಮೆ ಆಗುತ್ತದೆ. ಫೋನ್ ಚಾರ್ಜರ್, ವೈಫೈ ಡಬ್ಬ ದೂರ ಇಡಿ, ಫ್ಯಾನಿಗೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದರೆ ಫುಲ್ ಅಥವಾ ಆಫ್. ಆದರೆ ಮನೆಯ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಒಂದು ಸಲ ನೋಡಿಸಿ, ಹಮ್ ಹೋಗಲಿ ಅಂತ ಮೂರನೇ ಪಿನ್ ಮಾತ್ರ ತೆಗೆಯಬೇಡಿ. ನಿಮ್ಮ ಕೈ ಇರುವುದು ಆ ಅರ್ಥಿಗೆ ಸೇರಿದ ಗಿಟಾರ್ ತಂತಿಯ ಮೇಲೆ.

ರಾತ್ರಿ ಹತ್ತರ ಮೇಲೆ ನಾನು ಸ್ಪೀಕರ್ ಮುಟ್ಟುವುದಿಲ್ಲ. ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶಕ್ಕೆ ಕಾನೂನಿನ ಮಿತಿಯೇ 45 ಡೆಸಿಬಲ್. ಆಗ ಲ್ಯಾಪ್‌ಟಾಪು, ಆಡಿಯೋ ಇಂಟರ್‌ಫೇಸು (ಗಿಟಾರನ್ನು ಲ್ಯಾಪ್‌ಟಾಪಿಗೆ ಸೇರಿಸುವ ಡಬ್ಬ), ಹೆಡ್‌ಫೋನು. ನ್ಯೂರಲ್ ಆಂಪ್ ಮಾಡಲರ್ ಅನ್ನುವ, ಆಂಪಿನ ಸೌಂಡನ್ನು ಕಂಪ್ಯೂಟರಿನಲ್ಲೇ ಕೊಡುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಜೊತೆಗೆ ಒಂದು ಸ್ಪೀಕರ್ ಐಆರ್ (ನಿಜವಾದ ಸ್ಪೀಕರಿನ ಗುಣ ಹಿಡಿದಿಟ್ಟ ಫೈಲು) ಹಾಕಲೇಬೇಕು, ಇಲ್ಲದಿದ್ದರೆ ಗರಗಸದ ಹಾಗೆ ಕೇಳುತ್ತದೆ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತಗೊಳ್ಳುವ ಸದ್ದಿನ ತುಣುಕು, ಚಿಕ್ಕದಾದಷ್ಟೂ ತಡ ಕಡಿಮೆ) 128ಕ್ಕೆ ಇಡಿ. ಒಟ್ಟು ತಡ 10 ಮಿಲಿಸೆಕೆಂಡ್ ಒಳಗೆ ಇದ್ದರೆ ಆಂಪಿನಿಂದ ಮೂರು ಮೀಟರ್ ದೂರ ನಿಂತು ನುಡಿಸಿದಷ್ಟೇ, ಕೈಗೆ ಗೊತ್ತಾಗುವುದಿಲ್ಲ. ಹೆಡ್‌ಫೋನಿನಲ್ಲಿ ಆ ಟಿಕ್ ಟಿಕ್ ಕಾಟವೂ ಕಡಿಮೆ.

ಇಷ್ಟೆಲ್ಲ ಮಾಡಿದ ಮೇಲೂ ಕೊಳ್ಳಲೇಬೇಕು ಅನ್ನಿಸಿದರೆ ಇನ್ನೊಂದು ಟ್ಯೂಬ್ ಆಂಪ್ ಬೇಡ. ಯಮಹಾ ಟಿಎಚ್‌ಆರ್ ಥರದ್ದು ಮನೆಯ ವಾಲ್ಯೂಮಿಗಂತಲೇ ಮಾಡಿದ್ದು. ಬ್ಯಾಂಡಿಗೂ ಒಯ್ಯಬೇಕು ಅಂದರೆ ಬಾಸ್ ಕಂಪನಿಯ ಕಟಾನಾ 50, ಅದರಲ್ಲಿ ಪವರನ್ನು ಅರ್ಧ ವ್ಯಾಟಿಗೆ ಇಳಿಸುವ ಸ್ವಿಚ್ ಇದೆ.

ಮನೆಯ ಸೆಟ್ಟಿಂಗ್ ಕೂತ ದಿನ ನಾಬುಗಳ ಫೋಟೋ ತೆಗೆದು ಇಟ್ಟುಕೊಳ್ಳಿ, ಭಾನುವಾರ ಪ್ರಾಕ್ಟೀಸಿಗೆ ಹೋದಾಗ ಬಾಸ್ ಮೊದಲು ಇಳಿಸಿ, ಇಲ್ಲದಿದ್ದರೆ ಅಲ್ಲಿ ಗುಂಯ್‌ಗುಡುತ್ತದೆ. ಈಗ ಒಂದು ಕೆಲಸ ಮಾಡಿ. ಆಂಪಿನ ಹಿಂಭಾಗದ ಒಂದು ಫೋಟೋ ಹಾಕಿ, ಸೆಂಡ್ ರಿಟರ್ನ್ ಅಂತ ಎರಡು ಜ್ಯಾಕ್ ಇದೆಯಾ ನೋಡೋಣ. ಯಾವ ಪೆಡಲ್ ಇದೆ ಅಂತಲೂ ಬರೆಯಿರಿ.