ಮಗನ ಬಾಯಲ್ಲಿ ಅಬರ್ಡೀನ್ ಮಾತು: ತಿದ್ದಬೇಕಾ?

ಪ್ರಶ್ನೆ: ನಾವು ಬೆಂಗಳೂರಿನವರು, ಈಗ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದೇವೆ. ಇಲ್ಲಿಗೆ ಬಂದಾಗ ಮಗನಿಗೆ ಐದು ವರ್ಷ, ಈಗ ಒಂಬತ್ತು. ಗೆಳೆಯರು ಸಿಕ್ಕರೆ ‘ಫಿಟ್ ಲೈಕ್’ ಅನ್ನುತ್ತಾನೆ, ‘ವೇರ್’ ಅನ್ನಲು ‘ಫಾರ್’ ಅನ್ನುತ್ತಾನೆ. ನಮ್ಮ ಹತ್ತಿರ ಮಾತ್ರ ಬೇರೆಯೇ ಇಂಗ್ಲಿಷ್. ಮನೆಯಲ್ಲಿ ಯಾರೂ ಹೀಗೆ ಮಾತಾಡಲ್ಲ. ತಿದ್ದಬೇಕಾ?

ಉತ್ತರ: ಖಂಡಿತ ಬೇಡ. ಅವನು ಆಡುತ್ತಿರುವುದು ಕೆಟ್ಟ ಇಂಗ್ಲಿಷ್ ಅಲ್ಲ, ಡೋರಿಕ್. ಇಂಗ್ಲಿಷಿನ ಸೋದರ ಭಾಷೆ ಸ್ಕಾಟ್ಸ್ ಸ್ಕಾಟ್ಲೆಂಡಿನ ಈಶಾನ್ಯ ಭಾಗದಲ್ಲಿ ಪಡೆದ ರೂಪಕ್ಕೆ ಆ ಹೆಸರು. ಅಲ್ಲಿ ಪ್ರಶ್ನೆ ಕೇಳುವ ಪದಗಳೆಲ್ಲ ‘ಫ’ಕಾರದಿಂದ ಶುರು: ‘ವಾಟ್’ ಹೋಗಿ ‘ಫಿಟ್’, ‘ವೆನ್’ ಹೋಗಿ ‘ಫ್ಯಾನ್’, ‘ಹೌ’ ಕೂಡ ‘ಫೂ’. ಯಾರಾದರೂ ‘ಫಿಟ್ ಲೈಕ್’ ಅಂದರೆ ‘ಹೇಗಿದ್ದೀರಿ’ ಅಂತ. ‘ನೇ ಬ್ಯಾಡ್’ ಅಂದುಬಿಡಿ, ಸಾಕು. ಗ್ಲಾಸ್ಗೋದಲ್ಲಿ ಈ ‘ಫ’ ಸಿಗಲ್ಲ.

ನಿಮ್ಮ ಕನ್ನಡದ ಕಿವಿಗೆ ಸುಲಭವಾಗಿ ಸಿಗುವ ಇನ್ನೊಂದು ವಿಷಯವಿದೆ. ‘ಬೇಕು’ ಅನ್ನುವ ಅರ್ಥದ ‘ನೀಡ್’, ‘ಮೊಣಕಾಲಲ್ಲಿ ಗುದ್ದಿದ’ ಅನ್ನುವ ಅರ್ಥದ ‘ನೀಡ್’ ಎರಡನ್ನೂ ಮಗನ ಸ್ಕಾಟಿಷ್ ಗೆಳೆಯರಿಂದ ಹೇಳಿಸಿ ನೋಡಿ. ಮೊದಲನೆಯದರ ಸ್ವರ ಗಿಡ್ಡ, ಹೆಚ್ಚುಕಮ್ಮಿ ‘ನಿಡ್’. ಎರಡನೆಯದು ಉದ್ದ. ಲಂಡನ್ನಿನವರ ಬಾಯಲ್ಲಿ ಎರಡೂ ಒಂದೇ. ಸ್ಕಾಟ್ಲೆಂಡಿನಲ್ಲಿ ‘ರ’, ‘ವ’, ‘ಝ’ ಥರದ ವ್ಯಂಜನಕ್ಕಿಂತ ಮುಂಚೆ ಬಂದಾಗ ಮತ್ತು ಪದದ ಕೊನೆಯಲ್ಲಿ ಸ್ವರ ಎಳೆಯುತ್ತದೆ. ‘ಮೊಣಕಾಲು’ ಅನ್ನುವ ಅರ್ಥದ ‘ನೀ’ಗೆ ‘ಡ್’ ಸೇರಿಸಿದರೂ ಆ ಎಳೆತ ಉಳಿಯುತ್ತದೆ. ಇದನ್ನು ವಿವರಿಸಿದ ಭಾಷಾವಿಜ್ಞಾನಿ ಏಟ್ಕನ್ ಹೆಸರಿನಲ್ಲೇ ಈ ನಿಯಮವಿದೆ. ಅದನ್ನು ಯಾವ ಟೀಚರೂ ಪಾಠ ಮಾಡಲ್ಲ, ಮಕ್ಕಳು ಸುಮ್ನೆ ಹೀರಿಕೊಳ್ಳುತ್ತಾರೆ.

ಮನೆಯಲ್ಲಿಲ್ಲದ್ದು ಎಲ್ಲಿಂದ ಬಂತು ಅಂದರೆ, ಆಟದ ಮೈದಾನದಿಂದ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಉಚ್ಚಾರಣೆ ಅಪ್ಪ-ಅಮ್ಮನಿಗಿಂತ ಜಾಸ್ತಿ ಓರಗೆಯವರ ಕಡೆ ವಾಲುತ್ತದೆ. ಕೆನಡಾದಿಂದ ಇಂಗ್ಲೆಂಡಿಗೆ ಹೋದ ಮಕ್ಕಳ ಮಾತನ್ನು ಭಾಷಾವಿಜ್ಞಾನಿ ಜ್ಯಾಕ್ ಚೇಂಬರ್ಸ್ ಗಮನಿಸಿ 1992ರಲ್ಲಿ ಬರೆದರು. ಏಳು ವರ್ಷದೊಳಗೆ ಬಂದವರು ಊರಿನ ಮಾತನ್ನು ಪೂರ್ತಿ ಹಿಡಿಯುವ ಸಾಧ್ಯತೆ ತುಂಬ ಹೆಚ್ಚು, ಹದಿನಾಲ್ಕು ದಾಟಿದ ಮೇಲೆ ಬಂದವರಿಗೆ ಬಹಳ ಕಷ್ಟ ಅನ್ನುವುದು ಅವರ ಅಂದಾಜು. ನಿಮ್ಮ ಮಗ ಐದಕ್ಕೇ ಬಂದಿದ್ದಾನೆ.

ಹಾಗಂತ ಮನೆಯ ಪಾಲು ಸೊನ್ನೆಯಲ್ಲ. ಫಿಲಡೆಲ್ಫಿಯಾ ಪಕ್ಕದ ಒಂದು ಊರಿನಲ್ಲಿ ಅರ್ವಿಲ್ಲಾ ಪೇಯ್ನ್ ನಡೆಸಿದ ಅಧ್ಯಯನದಲ್ಲಿ ವಲಸೆ ಬಂದ ಮಕ್ಕಳು ಸುಲಭದ ಸ್ವರಗಳನ್ನು ಬಹುಮಟ್ಟಿಗೆ ಕಲಿತಿದ್ದರು. ಆದರೆ ಒಂದು ತೊಡಕಿನ ಸ್ವರದ ನಿಯಮ ಪೂರ್ತಿ ಸಿಕ್ಕಿದ್ದು ಹೆತ್ತವರೂ ಆ ಪ್ರದೇಶದವರೇ ಆಗಿದ್ದ ಮಕ್ಕಳಿಗೆ ಮಾತ್ರ. ಹಾಗಾಗಿ ಅಬರ್ಡೀನ್ ಅಜ್ಜನೊಬ್ಬರ ಕಿವಿಗೆ ನಿಮ್ಮ ಮಗನ ಡೋರಿಕ್‌ನಲ್ಲಿ ಏನೋ ಸಣ್ಣ ವ್ಯತ್ಯಾಸ ಕೇಳಿಸಿದರೂ ಕೇಳಿಸೀತು.

ನಿಮ್ಮ ಹತ್ತಿರ ಒಂದು, ಗೆಳೆಯರ ಹತ್ತಿರ ಒಂದು ಅನ್ನುವುದು ಗೊಂದಲವಲ್ಲ, ಜಾಣತನ. ಅಲ್ಲಿನ ಮಕ್ಕಳೂ ತರಗತಿಯಲ್ಲಿ ಒಂದು, ಮೈದಾನದಲ್ಲಿ ಒಂದು ಮಾತಾಡುತ್ತಾರೆ. ಸ್ಕಾಟ್ಸ್ ಆಡಿದರೆ ಶಾಲೆಯಲ್ಲಿ ಗದರಿಸುತ್ತಿದ್ದ ಕಾಲವಿತ್ತು. 2025ರ ಕಾನೂನು ಸ್ಕಾಟ್ಸ್‌ಗೆ ಅಧಿಕೃತ ಸ್ಥಾನ ಕೊಟ್ಟಿದೆ.

ನನ್ನನ್ನು ಕೇಳಿದರೆ, ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಅವನ ಕನ್ನಡದ ಬಗ್ಗೆ. ಅದಕ್ಕೆ ಅಲ್ಲಿ ಓರಗೆಯವರೇ ಇಲ್ಲ, ಅಲ್ವಾ? ಅಜ್ಜಿಯ ಜೊತೆ ವಿಡಿಯೊ ಕಾಲ್ ಒಳ್ಳೆಯದೇ. ಅದರ ಜೊತೆಗೆ ಬೆಂಗಳೂರಿನಲ್ಲಿರುವ, ಅವನಷ್ಟೇ ವಯಸ್ಸಿನ ಕಸಿನ್‌ಗಳ ಹತ್ತಿರ ಕ್ರಿಕೆಟ್ಟೋ ವಿಡಿಯೊ ಗೇಮೋ, ಏನಾದರೂ ಹರಟೆ ಹೊಡೆಯಲು ಬಿಡಿ. ನೀವು ಮಧ್ಯೆ ಬಾಯಿ ಹಾಕಬೇಡಿ.